ಕ್ಲಚ್ ಒತ್ತಿದ್ದರೂ ಕಾರು ಜರುಗುತ್ತಿದೆಯಾ? ಗೇರ್‌ಬಾಕ್ಸ್ ಇಳಿಸುವ ಮೊದಲು ಒಂದು ಸ್ಕೇಲ್ ತೊಗೊಳ್ಳಿ

ಹುಬ್ಬಳ್ಳಿಯಿಂದ ಧಾರವಾಡದ ಕಡೆ ಹೊರಟಿದ್ದೆ. ಉಣಕಲ್ ಹತ್ತಿರ ಸಿಗ್ನಲ್ ಬಿತ್ತು. ಮೊದಲ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ನಿಂತಿದ್ದೆ. ಹತ್ತು ಸೆಕೆಂಡ್ ಆಗಿರಬೇಕು. ಕಾಲು ಅಲ್ಲಾಡಿಲ್ಲ, ಆದರೂ ಕಾರು ಮೆಲ್ಲಗೆ ಮುಂದಕ್ಕೆ ಜರುಗತೊಡಗಿತು. ಮುಂದೆ ಒಂದು ಟಂಟಂ, ಅದರ ಹಿಂಬದಿಗೆ ಇಬ್ಬರು ಮಕ್ಕಳು ಕೂತಿದ್ದರು. ತಕ್ಷಣ ಬ್ರೇಕ್ ಒತ್ತಿದೆ, ಇಂಜಿನ್ ಬಂದಾಯಿತು. ಗೇರ್ ನ್ಯೂಟ್ರಲ್‌ಗೆ ಬರಲಿಲ್ಲ. ಪೆಡಲ್ ಮೂರು ಸಲ ಪಂಪ್ ಮಾಡಿದ ಮೇಲೆ ಏನೂ ಆಗಿಲ್ಲ ಅನ್ನುವಂತೆ ಸಲೀಸಾಗಿ ಬಂತು.

ನನ್ನದು ಎರಡು ಬಾಗಿಲಿನ, ಆರು ಗೇರಿನ, ಹಿಂದಿನ ಚಕ್ರ ಎಳೆಯುವ ಹಳೆಯ ಸ್ಪೋರ್ಟ್ಸ್ ಕಾರು. ಕ್ಲಚ್ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವಂಥದ್ದು. ಮರುದಿನ ಎರಡು ಗ್ಯಾರೇಜಿಗೆ ತೋರಿಸಿದೆ. ಎರಡೂ ಕಡೆ ಒಂದೇ ಮಾತು: "ಗೇರ್‌ಬಾಕ್ಸ್ ಇಳಸಬೇಕ್ರೀ ಸರ್. ಕ್ಲಚ್ ಪ್ಲೇಟ್ ಹೋಗೇತಿ." ಯಾರೂ ಕಾರಿನ ಕೆಳಗೆ ಬಗ್ಗಿ ನೋಡಲಿಲ್ಲ. ಇಂಥ ಕಾರಿನ ಗೇರ್‌ಬಾಕ್ಸ್ ಇಳಿಸುವುದೆಂದರೆ ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟ್, ಸ್ಟಾರ್ಟರ್ ಮೋಟಾರು ಎಲ್ಲಾ ಬಿಚ್ಚಬೇಕು. ಬಿಡಿಭಾಗ ಇಲ್ಲಿ ಸಿಗಲ್ಲ, ಹೊರಗಿನಿಂದ ತರಿಸುವವರೆಗೆ ಕಾರು ವಾರಗಟ್ಟಲೆ ಜ್ಯಾಕ್ ಮೇಲೆಯೇ. ಕೊನೆಗೆ ಹಳೇ ಹುಬ್ಬಳ್ಳಿಯ ಒಬ್ಬ ವಯಸ್ಸಾದ ಮಿಸ್ತ್ರಿಯ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ತಮ್ಮಾ, ಕೆಳಗ ಸ್ಲೇವ್‌ದ ರಾಡ್ ಎಷ್ಟ ಓಡಾಡ್ತೈತಿ, ಅಳದು ನೋಡೀಯೇನು?"

ನೋಡಿರಲಿಲ್ಲ. ಸ್ಲೇವ್ ಅಂದರೆ ಗೇರ್‌ಬಾಕ್ಸ್ ಪಕ್ಕ ಇರುವ, ಕ್ಲಚ್ ಬಿಡಿಸುವ ಸಣ್ಣ ಸಿಲಿಂಡರ್. ಆ ಒಂದು ಅಳತೆಯಿಂದ ಇಡೀ ಸಮಸ್ಯೆ ಎರಡು ಭಾಗವಾಗುತ್ತದೆ. ರಾಡ್ ಪೂರ್ತಿ ಓಡಾಡುತ್ತಿದ್ದರೆ ಹೈಡ್ರಾಲಿಕ್ ಸರಿಯಿದೆ, ದೋಷ ಒಳಗಿನ ಕ್ಲಚ್ಚಿನಲ್ಲಿದೆ. ರಾಡ್ ಕಡಿಮೆ ಓಡಾಡುತ್ತಿದ್ದರೆ ಗೇರ್‌ಬಾಕ್ಸ್ ಮುಟ್ಟುವ ಕೆಲಸವೇ ಇಲ್ಲ. ಈ ಬರಹ ಪೂರ್ತಿ ಆ ಅಳತೆಯ ಸುತ್ತಲೇ ಇದೆ.

ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿದಿರಲಿ

ನೀವು ಪೆಡಲ್ ಒತ್ತಿದಾಗ, ಪೆಡಲ್‌ಗೆ ಜೋಡಿಸಿದ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಎಣ್ಣೆಯನ್ನು (ಬ್ರೇಕಿಗೆ ಹಾಕುವ ಎಣ್ಣೆಯನ್ನೇ) ಪೈಪಿನಲ್ಲಿ ತಳ್ಳುತ್ತದೆ. ಆ ಎಣ್ಣೆ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್‌ನ ಪಿಸ್ಟನ್ ತಳ್ಳುತ್ತದೆ. ಸ್ಲೇವ್‌ನ ರಾಡ್ ಕ್ಲಚ್ ಫೋರ್ಕ್ ಒತ್ತುತ್ತದೆ, ಫೋರ್ಕ್ ರಿಲೀಸ್ ಬೇರಿಂಗ್ ಒತ್ತುತ್ತದೆ, ಕ್ಲಚ್ ಪ್ಲೇಟನ್ನು ಇಂಜಿನ್ನಿನ ಫ್ಲೈವೀಲ್‌ಗೆ (ತಿರುಗುವ ಭಾರದ ಚಕ್ರಕ್ಕೆ) ಒತ್ತಿ ಹಿಡಿದಿದ್ದ ಪ್ರೆಷರ್ ಪ್ಲೇಟ್ ಹಿಡಿತ ಬಿಡುತ್ತದೆ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ಕಡಿಯುತ್ತದೆ.

ಇಲ್ಲಿ ಎಣ್ಣೆ ಎಷ್ಟು ಕಡಿಮೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ನನ್ನ ಕಾರಿನ ಲೆಕ್ಕ ಹೇಳುತ್ತೇನೆ. ಮಾಸ್ಟರ್‌ನ ಒಳವ್ಯಾಸ 15.87 ಮಿಲಿಮೀಟರ್, ಪಿಸ್ಟನ್ ಓಡುವುದು ಸುಮಾರು 28 ಮಿಲಿಮೀಟರ್. ಅಂದರೆ ಒಂದು ಸಲ ಪೂರ್ತಿ ಒತ್ತಿದರೆ ತಳ್ಳಿಕೊಂಡು ಹೋಗುವ ಎಣ್ಣೆ ಐದೂವರೆ ಮಿಲಿಲೀಟರ್. ಒಂದು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಸ್ಲೇವ್‌ನ ಒಳವ್ಯಾಸ 20.64 ಮಿಲಿಮೀಟರ್. ಅಷ್ಟು ಎಣ್ಣೆಗೆ ಅದರ ರಾಡ್ ಸುಮಾರು 16 ಮಿಲಿಮೀಟರ್ ಮುಂದೆ ಬರುತ್ತದೆ. ಈಗ ಪೈಪಿನಲ್ಲಿ ಒಂದೇ ಒಂದು ಮಿಲಿಲೀಟರ್ ಗಾಳಿ ಸೇರಿಕೊಂಡಿತು ಅನ್ನಿ. ಗಾಳಿ ಒತ್ತಡಕ್ಕೆ ಕುಗ್ಗುತ್ತದೆ, ಎಣ್ಣೆ ಕುಗ್ಗಲ್ಲ. ಆ ಒಂದು ಮಿಲಿಲೀಟರೇ ರಾಡ್‌ನ 3 ಮಿಲಿಮೀಟರ್ ಓಡಾಟ ನುಂಗಿಬಿಡುತ್ತದೆ. ಅಷ್ಟು ಸಾಕು, ರಿವರ್ಸ್ ಗೇರ್ ಕರ್ ಅನ್ನತೊಡಗುತ್ತದೆ. ನಿಮ್ಮ ಕಾರಿನ ಅಳತೆ ಬೇರೆ ಇರಬಹುದು, ಅದನ್ನು ರಿಪೇರಿ ಕೈಪಿಡಿಯಲ್ಲಿ ನೋಡಿಕೊಳ್ಳಿ. ಲೆಕ್ಕದ ರೀತಿ ಇದೇ.

ಕೂತಲ್ಲೇ ಮಾಡುವ ಪರೀಕ್ಷೆ

ಇಂಜಿನ್ ಬಂದ್ ಮಾಡಿ ಎಲ್ಲಾ ಗೇರ್ ಹಾಕಿ ನೋಡಿ. ಸಲೀಸಾಗಿ ಬೀಳುತ್ತವೆ, ಇಂಜಿನ್ ಚಾಲೂ ಇದ್ದಾಗ ಮಾತ್ರ ಬೀಳುತ್ತಿಲ್ಲ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಇಂಜಿನ್ ಬಂದ್ ಇದ್ದಾಗಲೂ ಗಟ್ಟಿ ಇದ್ದರೆ ಗೇರ್ ಲಿವರ್, ಲಿಂಕೇಜ್ ಕಡೆ ನೋಡಿ. ಅದು ಬೇರೆಯೇ ವಿಷಯ.

ಆಮೇಲೆ ಸಮತಟ್ಟಾದ ಜಾಗದಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದ ಕಡೆ, ಇಂಜಿನ್ ಚಾಲೂ ಇಟ್ಟು ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ ಹತ್ತು ಸೆಕೆಂಡ್ ತಡೆದು ರಿವರ್ಸ್ ಹಾಕಿ. ರಿವರ್ಸ್ ಗೇರಿಗೆ ಸಾಮಾನ್ಯವಾಗಿ ಸಿಂಕ್ರೊ (ಗೇರುಗಳ ವೇಗ ಹೊಂದಿಸುವ ಉಂಗುರ) ಇರಲ್ಲ ಅಥವಾ ಕಡಿಮೆ ಇರುತ್ತದೆ. ಹಾಗಾಗಿ ಒಳಗಿನ ಶಾಫ್ಟ್ ಸ್ವಲ್ಪ ತಿರುಗುತ್ತಿದ್ದರೂ ಅದೇ ಮೊದಲು ಕೂಗುತ್ತದೆ. ಸದ್ದಿಲ್ಲದೆ ಬಿದ್ದರೆ ಇನ್ನೂ ಇಪ್ಪತ್ತು ಸೆಕೆಂಡ್ ಕ್ಲಚ್ ಹಿಡಿದು ಕೂತಿರಿ, ಬ್ರೇಕ್ ಮೇಲೆ ಕಾಲು ತಯಾರಿರಲಿ. ಕಾರು ಮೆಲ್ಲಗೆ ಜರುಗತೊಡಗಿತಾ? ಹಾಗಾದರೆ ಒತ್ತಡ ಎಲ್ಲೋ ಇಳಿಯುತ್ತಿದೆ. ಉಣಕಲ್ ಸಿಗ್ನಲ್‌ನಲ್ಲಿ ನನಗಾದದ್ದು ಇದೇ.

ಮೂರನೆಯದು, ಪಂಪ್ ಮಾಡುವುದು. ಮೂರು ನಾಲ್ಕು ಸಲ ಬೇಗ ಬೇಗ ಒತ್ತಿದಾಗ ಸರಿಯಾದರೆ ಹೈಡ್ರಾಲಿಕ್ ಮೇಲೆ ಅನುಮಾನ ಪಡಿ. ಕ್ಲಚ್ ಪ್ಲೇಟ್ ಡೊಂಕಾಗಿದ್ದರೆ ಎಷ್ಟು ಪಂಪ್ ಮಾಡಿದರೂ ಅದು ನೆಟ್ಟಗಾಗಲ್ಲ, ಅಲ್ವಾ?

ಪೆಡಲ್ ಕೆಳಗೇ ಉಳಿಯುವುದು ಇನ್ನೊಂದು ಲಕ್ಷಣ. ಸ್ಪೋರ್ಟ್ಸ್ ಕಾರುಗಳಲ್ಲಿ ಪ್ರೆಷರ್ ಪ್ಲೇಟ್ ಗಟ್ಟಿ ಇರುತ್ತದೆ. ಕಾಲಿಗೆ ಹಗುರಾಗಲಿ ಅಂತ ಬಹಳಷ್ಟು ಕಾರುಗಳಲ್ಲಿ ಪೆಡಲ್‌ಗೆ ಒಂದು ಸಹಾಯಕ ಸ್ಪ್ರಿಂಗ್ ಹಾಕಿರುತ್ತಾರೆ. ಅರ್ಧ ದಾರಿ ದಾಟಿದ ಮೇಲೆ ಅದು ಪೆಡಲನ್ನು ಕೆಳಕ್ಕೇ ಎಳೆಯುತ್ತದೆ. ಮೇಲಕ್ಕೆ ತರುವುದು ಎಣ್ಣೆಯ ಒತ್ತಡ. ಒತ್ತಡ ಹೋದರೆ ಸ್ಪ್ರಿಂಗ್ ಗೆಲ್ಲುತ್ತದೆ, ಪೆಡಲ್ ನೆಲಕ್ಕೆ ಅಂಟಿಕೊಳ್ಳುತ್ತದೆ. ಇದನ್ನು ನೋಡಿ ಸ್ಪ್ರಿಂಗ್ ಕೆಟ್ಟಿದೆ ಅಂತ ಸ್ಪ್ರಿಂಗ್ ಬದಲಾಯಿಸಬೇಡಿ.

ಎಣ್ಣೆ ಡಬ್ಬಿ ಹೇಳುವ ಕತೆ

ಬಾನೆಟ್ ತೆಗೆದು ಕ್ಲಚ್ ಎಣ್ಣೆಯ ಡಬ್ಬಿ ನೋಡಿ. ಕೆಲವು ಕಾರುಗಳಲ್ಲಿ ಬೇರೆ ಸಣ್ಣ ಡಬ್ಬಿ ಇರುತ್ತದೆ, ಕೆಲವದರಲ್ಲಿ ಬ್ರೇಕ್ ಡಬ್ಬಿಯಿಂದಲೇ ಒಂದು ಪೈಪ್ ಬಂದಿರುತ್ತದೆ.

ಬೇರೆ ಡಬ್ಬಿ ಇದ್ದರೆ ಒಂದು ವಿಷಯ ನೆನಪಿಡಿ. ಬ್ರೇಕ್ ಪ್ಯಾಡ್ ಸವೆದರೆ ಬ್ರೇಕ್ ಎಣ್ಣೆಯ ಮಟ್ಟ ಇಳಿಯುತ್ತದೆ. ಕ್ಲಚ್‌ನಲ್ಲಿ ಇದು ಉಲ್ಟಾ. ಪ್ಲೇಟ್ ಸವೆದಂತೆ ಪ್ರೆಷರ್ ಪ್ಲೇಟಿನ ಬೆರಳುಗಳು (ಬೆರಳಿನಾಕಾರದ ಸ್ಪ್ರಿಂಗ್ ತುದಿಗಳು) ಸ್ಲೇವ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತವೆ, ಎಣ್ಣೆ ವಾಪಸ್ ಡಬ್ಬಿಗೆ ಬರುತ್ತದೆ, ಮಟ್ಟ ಸ್ವಲ್ಪ ಏರುತ್ತದೆ. ಅದಕ್ಕೇ ಕ್ಲಚ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ "ಸವೆತಕ್ಕೆ ಇಳಿದಿರಬೇಕು" ಅಂತ ಸುಮ್ನೆ ತುಂಬಿಸಿ ಬಿಡಬೇಡಿ. ಎಲ್ಲೋ ಸೋರುತ್ತಿದೆ. ಹುಡುಕಿ.

ಹುಡುಕುವ ಜಾಗ ಮೂರು. ಪೆಡಲ್ ಮೇಲೆ ಬಗ್ಗಿ, ಮಾಸ್ಟರ್‌ನ ರಾಡ್ ಇಂಜಿನ್ ಕಡೆಯ ತಗಡಿನ ಗೋಡೆಯೊಳಗೆ ಹೋಗುವಲ್ಲಿ ಬೆರಳು ಆಡಿಸಿ, ಕಾಲಡಿಯ ಕಾರ್ಪೆಟ್ ಮುಟ್ಟಿ ನೋಡಿ. ಪೈಪಿನ ಜೋಡಣೆಗಳನ್ನು ಒಣ ಬಟ್ಟೆಯಿಂದ ಒರೆಸಿ. ಕೊನೆಗೆ ಸ್ಲೇವ್‌ನ ತುದಿಯ ರಬ್ಬರ್ ಬೂಟ್ ಸ್ವಲ್ಪ ಎತ್ತಿ ಒಳಗೆ ತೇವ ಇದೆಯಾ ನೋಡಿ. ಕೆಲವು ಕಾರುಗಳಲ್ಲಿ ಸ್ಲೇವ್ ಹೊರಗೆ ಕಾಣಲ್ಲ. ರಿಲೀಸ್ ಬೇರಿಂಗ್ ಜೊತೆಯಲ್ಲೇ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಗಂಟೆಯಾಕಾರದ ಕವಚ) ಒಳಗೆ ಶಾಫ್ಟಿನ ಸುತ್ತ ಕೂತಿರುತ್ತದೆ. ಅದು ಸೋರಿದರೆ ಬೆಲ್ ಹೌಸಿಂಗ್ ತಳದಿಂದ ತೊಟ್ಟಿಕ್ಕುತ್ತದೆ. ಬೆರಳಿಗೆ ತೊಗೊಂಡು ನೋಡಿ. ಇಂಜಿನ್ ಆಯಿಲ್, ಗೇರ್ ಆಯಿಲ್ ಜಿಡ್ಡಾಗಿರುತ್ತವೆ, ಗೇರ್ ಆಯಿಲ್‌ಗೆ ಗಂಧಕದ ವಾಸನೆ. ಬ್ರೇಕ್ ಎಣ್ಣೆ ತೆಳ್ಳಗಿರುತ್ತದೆ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ಹೀಗೆ ಒಳಗಿರುವ ಸ್ಲೇವ್ ಸೋರುತ್ತಿದ್ದರೆ ಮಾತ್ರ ಗೇರ್‌ಬಾಕ್ಸ್ ಇಳಿಸಲೇಬೇಕು.

ಎಣ್ಣೆ ಕಪ್ಪಾಗಿದ್ದರೆ ಒಳಗಿನ ರಬ್ಬರ್ ಸವೆದು ಬೆರೆಯುತ್ತಿದೆ ಅಂತ ಅನುಮಾನ ಪಡಿ. ನನ್ನ ಡಬ್ಬಿಯಲ್ಲಿ ಮಟ್ಟ ಕೂದಲಷ್ಟೂ ಇಳಿದಿರಲಿಲ್ಲ, ಆದರೆ ಬಣ್ಣ ಕಪ್ಪು ಚಹಾದ ಥರ ಇತ್ತು.

ಅಳತೆ

ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಇಂಜಿನ್ ಬಂದ್. ಸ್ಲೇವ್ ರಾಡ್ ಪಕ್ಕ ಒಂದು ಸ್ಟೀಲ್ ಸ್ಕೇಲ್ ಹಿಡಿಯಿರಿ. ಇನ್ನೊಬ್ಬರು ಪೆಡಲ್ ನಿಧಾನಕ್ಕೆ ಪೂರ್ತಿ ಒತ್ತಲಿ, ಒತ್ತಿಯೇ ಇರಲಿ. ಮೊದಲ ಅಳತೆ ಬರೆದುಕೊಳ್ಳಿ. ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ. ಎರಡನೇ ಅಳತೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನಿಜವಾದ ಸುಳಿವು ಅದರಲ್ಲೇ ಇರುತ್ತದೆ.

ಮಿಸ್ತ್ರಿ ಕಾಕಾ ಕೆಳಗೆ ಮಲಗಿದ್ದರು, ನಾನು ಪೆಡಲ್ ಮೇಲೆ. 16 ಬರಬೇಕಾದ ಕಡೆ ಮೊದಲಿಗೆ 11 ಬಂತು. "ಬಿಡಬ್ಯಾಡ, ಹಂಗ ಹಿಡಿ" ಅಂದರು. ಅರ್ಧ ನಿಮಿಷದಲ್ಲಿ ರಾಡ್ 6ಕ್ಕೆ ಹಿಂದೆ ಸರಿದಿತ್ತು. ನನ್ನ ಕಾಲು ನೆಲದಲ್ಲೇ ಇತ್ತು.

ಈಗ ಯೋಚನೆ ಮಾಡಿ. ರಾಡ್ ವಾಪಸ್ ಹೋಗಿದೆ ಅಂದರೆ ಎಣ್ಣೆ ಅಲ್ಲಿಂದ ಹೊರಟಿದೆ. ಎಲ್ಲಿಗೆ ಹೋಯಿತು? ಸ್ಲೇವ್‌ನ ಸೀಲ್ ಹೋಗಿದ್ದರೆ ಎಣ್ಣೆ ಹೊರಗೇ ಬೀಳಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಪೈಪ್ ಒಡೆದಿದ್ದರೂ ಹಾಗೇ. ಹನಿಯೂ ಹೊರಗೆ ಬಿದ್ದಿಲ್ಲ, ಡಬ್ಬಿಯ ಮಟ್ಟ ಇಳಿದಿಲ್ಲ. ಹಾಗಾದರೆ ಎಣ್ಣೆ ಮಾಸ್ಟರ್ ಒಳಗಿನ ಪಿಸ್ಟನ್ನಿನ ಸವೆದ ರಬ್ಬರ್ ಕಪ್ (ಸೀಲ್) ಸಂದಿನಿಂದ ನುಸುಳಿ ಡಬ್ಬಿಗೇ ವಾಪಸ್ ಹೋಗುತ್ತಿದೆ. ಹೊರಗೆ ಒಂದು ತೊಟ್ಟೂ ಸೋರದೆ ಒತ್ತಡ ಕಳೆದುಕೊಳ್ಳುವುದು ಮಾಸ್ಟರ್‌ಗೆ ಮಾತ್ರ ಸಾಧ್ಯ.

ಗಾಳಿ ಇದ್ದರೆ ಅಳತೆ ಬೇರೆ ಥರ ಬರುತ್ತದೆ. ಮೊದಲ ಸಲ ಕಡಿಮೆ, ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ, ಆದರೆ ಹಿಡಿದಿಟ್ಟರೆ ರಾಡ್ ನಿಂತಲ್ಲೇ ನಿಲ್ಲುತ್ತದೆ. ರಬ್ಬರ್ ಹೋಸ್ ಹಳೆಯದಾಗಿ ಊದುತ್ತಿದ್ದರೂ ಹೀಗೇ ಆಗುತ್ತದೆ. ಒತ್ತುವಾಗ ಹೋಸ್ ಮೇಲೆ ಕೈ ಇಟ್ಟರೆ ಉಬ್ಬುವುದು ಗೊತ್ತಾಗುತ್ತದೆ. ಎಣ್ಣೆ ಕಡೆ ಎಲ್ಲಾ ಸರಿ ಇದ್ದು ಓಡಾಟ ಕಡಿಮೆ ಇದ್ದರೆ ಪೆಡಲ್ ಬ್ರ್ಯಾಕೆಟ್ ನೋಡಿ. ಬಿರುಕು ಬಿಟ್ಟಿದ್ದರೆ ನಿಮ್ಮ ಕಾಲಿನ ಬಲ ಬ್ರ್ಯಾಕೆಟ್ ಬಗ್ಗಿಸುವುದಕ್ಕೇ ಹೋಗುತ್ತದೆ.

ಖಾತ್ರಿ ಬೇಕಂದರೆ ಮಾಸ್ಟರ್‌ನಿಂದ ಹೊರಡುವ ಪೈಪ್ ಬಿಚ್ಚಿ, ಅದೇ ಥ್ರೆಡ್ಡಿನ ಪ್ಲಗ್ ಹಾಕಿ ಬಂದ್ ಮಾಡಿ, ಪೆಡಲ್ ಒತ್ತಿ. ಸರಿಯಿರುವ ಮಾಸ್ಟರ್ ಆದರೆ ಪೆಡಲ್ ಕಲ್ಲಿನ ಹಾಗೆ ನಿಲ್ಲುತ್ತದೆ. ನನ್ನದು ಮೆಲ್ಲಗೆ ನೆಲಕ್ಕೆ ಇಳಿಯಿತು. ಗೇರ್‌ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು.

ರಾಡ್ ಪೂರ್ತಿ 16 ಬಂದು ಅಲ್ಲೇ ನಿಂತೂ ಗೇರ್ ಬೀಳದಿದ್ದರೆ ಮಾತ್ರ ಒಳಗೆ ಹೋಗಬೇಕು. ಬಗ್ಗಿದ ಫೋರ್ಕ್, ಮುರಿದ ಬೆರಳು, ಜಾಮಾದ ಪೈಲಟ್ ಬೇರಿಂಗ್ (ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವುದು) ಇರಬಹುದು. ಮಳೆಗಾಲ ಪೂರ್ತಿ ಕಾರು ಶೆಡ್ಡಿನಲ್ಲಿ ನಿಂತಿದ್ದರೆ ಇನ್ನೊಂದು ಸಾಧ್ಯತೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಫ್ಲೈವೀಲ್ ಮೇಲೆ ತುಕ್ಕು ಕೂತು ಪ್ಲೇಟ್ ಅದಕ್ಕೆ ಅಂಟಿಕೊಂಡಿರುತ್ತದೆ. ಅಪರೂಪಕ್ಕೆ ಹೊರತೆಗೆಯುವ ಕಾರುಗಳಿಗೆ ಈ ತೊಂದರೆ ಜಾಸ್ತಿ.

ಮಾಸ್ಟರ್ ಬದಲಿ, ಮತ್ತು ಎಣ್ಣೆ

ರಬ್ಬರ್ ಕಿಟ್ ಮಾತ್ರ ಹಾಕಬಹುದು. ಆದರೆ ಒಳಗೋಡೆಯಲ್ಲಿ ಉಗುರಿಗೆ ಸಿಗುವಂಥ ಗೀರು, ತುಕ್ಕಿನ ಚುಕ್ಕೆ ಇದ್ದರೆ ಹೊಸ ರಬ್ಬರ್ ಕೆಲವೇ ದಿನದಲ್ಲಿ ಹರಿಯುತ್ತದೆ. ನಾನು ಪೂರ್ತಿ ಮಾಸ್ಟರನ್ನೇ ತರಿಸಿದೆ. ಕಿಟ್ ಹಾಕುವುದಾದರೆ ಒಂದು ಎಚ್ಚರಿಕೆ: ಈ ರಬ್ಬರನ್ನು ಪೆಟ್ರೋಲ್, ಡೀಸೆಲ್, ಇಂಜಿನ್ ಆಯಿಲ್ ಯಾವುದರಲ್ಲೂ ತೊಳೆಯಬೇಡಿ. ಊದಿಕೊಂಡು ಹಾಳಾಗುತ್ತದೆ. ಹೊಸ ಬ್ರೇಕ್ ಎಣ್ಣೆಯನ್ನೇ ಸವರಿ ಜೋಡಿಸಿ.

ಎಣ್ಣೆ ಯಾವುದು ಅಂತ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4. ಇವು ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಈ ಅಂಕಿ 205 ಮತ್ತು 140. ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಸ್ಲೇವ್ ಇರುವ ಕಾರಿನಲ್ಲಿ, ಏಪ್ರಿಲ್ ಬಿಸಿಲಿಗೆ ಚನ್ನಮ್ಮ ಸರ್ಕಲ್‌ನಲ್ಲಿ ಸಿಕ್ಕಿಕೊಂಡರೆ ಈ ಅಂತರ ಲೆಕ್ಕಕ್ಕೆ ಬರುತ್ತದೆ. ಬೆಳಿಗ್ಗೆ ಸರಿ ಇದ್ದು ಕಾದ ಮೇಲೆ ಮಾತ್ರ ಪೆಡಲ್ ಮೆತ್ತಗಾಗುತ್ತಿದ್ದರೆ ಮೊದಲು ಎಣ್ಣೆ ಬದಲಾಯಿಸಿ ನೋಡಿ. ಡಾಟ್ 5 ಸಿಲಿಕೋನ್ ಎಣ್ಣೆ, ಬೇರೆಯದೇ ಜಾತಿ. ಅದನ್ನು ಇವುಗಳ ಜೊತೆ ಬೆರೆಸಬೇಡಿ. ಡಾಟ್ 3, ಡಾಟ್ 4 ಕಾರಿನ ಮೈಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ, ತಕ್ಷಣ ನೀರು ಹಾಕಿ.

ಹವಾ ತೆಗೆಯುವುದು ಹಳೆಯ ವಿದ್ಯೆ. ಡಬ್ಬಿ ತುಂಬಿಸಿ, ಸ್ಲೇವ್‌ನ ನಿಪ್ಪಲ್‌ಗೆ (ಹವಾ ಬಿಡುವ ಸ್ಕ್ರೂಗೆ) ಪಾರದರ್ಶಕ ನಳಿಕೆ ಹಾಕಿ, ಇನ್ನೊಂದು ತುದಿ ಎಣ್ಣೆ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲ ಮಾಡಿ ಗುಳ್ಳೆ ಬಿಟ್ಟು ಬಿಗಿ ಮಾಡಬೇಕು, ಆಮೇಲೆ ಪೆಡಲ್ ಬಿಡಬೇಕು. ಪೆಡಲ್ ಕೆಳಗೇ ಉಳಿದರೆ ಕೈಯಿಂದ ಎತ್ತಿ. ಡಬ್ಬಿ ಖಾಲಿಯಾಗಲು ಬಿಟ್ಟರೆ ಮೊದಲಿನಿಂದ ಶುರು. ನಮಗೆ ಅರ್ಧ ಲೀಟರ್ ಮುಗಿದರೂ ಓಡಾಟ 13ಕ್ಕಿಂತ ಏರಲಿಲ್ಲ. ಪೈಪ್ ಒಂದು ಕಡೆ ಮೇಲಕ್ಕೆ ಎದ್ದು ಕೆಳಗಿಳಿಯುತ್ತದೆ, ಆ ಗೂನಿನಲ್ಲಿ ಗುಳ್ಳೆ ಕೂತಿತ್ತು. ಕಾಕಾ ಸ್ಲೇವ್‌ನ ಎರಡು ಬೋಲ್ಟ್ ಬಿಚ್ಚಿ, ಪೈಪ್ ಹಾಗೇ ಇಟ್ಟು, ರಾಡನ್ನು ಹೆಬ್ಬೆರಳಿನಿಂದ ನಿಧಾನ ಒಳಕ್ಕೆ ಒತ್ತಿದರು. ಎಣ್ಣೆ ಹಿಂದಕ್ಕೆ ನುಗ್ಗಿ ಡಬ್ಬಿಯಲ್ಲಿ ದೊಡ್ಡ ಗುಳ್ಳೆಗಳು ಎದ್ದವು. ನಾಲ್ಕು ಸಲ ಹಾಗೆ ಮಾಡಿದ ಮೇಲೆ ಅಳತೆ 16 ಆಯಿತು. ಸ್ಲೇವ್ ಬಿಚ್ಚಿರುವಾಗ ಯಾರೂ ಪೆಡಲ್ ಮುಟ್ಟಬಾರದು, ಪಿಸ್ಟನ್ ಹೊರಗೆ ಹಾರಿಬರುತ್ತದೆ.

ಎರಡನೇ ದೋಷ, ನಾವೇ ತಂದುಕೊಂಡದ್ದು

ಇಲ್ಲಿಗೆ ಮುಗಿಯಬೇಕಿತ್ತು. ಭಾನುವಾರ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟದವರೆಗೆ ಹೋದೆ. ಗೇರ್ ಬೆಣ್ಣೆಯ ಹಾಗೆ ಬೀಳುತ್ತಿದ್ದವು. ಘಟ್ಟ ಇಳಿದು ವಾಪಸ್ ಏರುವಾಗ ನಾಲ್ಕನೇ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದೆ. ಆರ್‌ಪಿಎಂ ಸರ್ರನೆ ಏರಿತು, ವೇಗ ಏರಲಿಲ್ಲ. ಸುಟ್ಟ ವಾಸನೆ. ಕ್ಲಚ್ ಜಾರುತ್ತಿತ್ತು. ಬದಿಗೆ ಹಾಕಿ ಮುಕ್ಕಾಲು ಗಂಟೆ ಆರಲು ಬಿಟ್ಟೆ. ಮತ್ತೆ ಸರಿಹೋಯಿತು. ಕಾದ ಮೇಲೆ ಮತ್ತೆ ಅದೇ.

ತಣ್ಣಗಿದ್ದಾಗ ಸರಿ, ಕಾದಾಗ ಜಾರುವುದು. ಇದು ದೊಡ್ಡ ಸುಳಿವು. ಮಾಸ್ಟರ್ ಒಳಗೆ ಒಂದು ಸಣ್ಣ ತೂತು ಇರುತ್ತದೆ. ಪೆಡಲ್ ಪೂರ್ತಿ ಮೇಲಿದ್ದಾಗ ಈ ತೂತು ತೆರೆದಿರಬೇಕು. ಎಣ್ಣೆ ಕಾದು ಹಿಗ್ಗಿದಾಗ ಹೆಚ್ಚಾದದ್ದು ಆ ದಾರಿಯಲ್ಲಿ ಡಬ್ಬಿಗೆ ಹೋಗುತ್ತದೆ. ಪೆಡಲ್‌ನ ರಾಡ್ ಉದ್ದ ಜಾಸ್ತಿ ಇದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ, ಕಪ್ ಆ ತೂತನ್ನು ಮುಚ್ಚಿಕೊಂಡೇ ಇರುತ್ತದೆ. ಆಗ ಹಿಗ್ಗಿದ ಎಣ್ಣೆಗೆ ಹೋಗಲು ಜಾಗ ಸ್ಲೇವ್ ಒಂದೇ. ಕಾಲು ಪೆಡಲ್ ಮೇಲೆ ಇಲ್ಲದಿದ್ದರೂ ಕ್ಲಚ್ ಅರ್ಧ ಒತ್ತಿದ ಹಾಗೆ ಆಗುತ್ತದೆ. ಹೊಸ ಮಾಸ್ಟರ್ ಕೂರಿಸುವಾಗ ಹಳೆಯ ರಾಡ್‌ನ ಉದ್ದವನ್ನೇ ಇಟ್ಟಿದ್ದೆವು. ಹೊಸದರ ಪಿಸ್ಟನ್ ಸ್ವಲ್ಪ ಹೊರಗಿತ್ತು. ಅಷ್ಟೇ ವ್ಯತ್ಯಾಸ.

ನಿಮಗೆ ದಾರಿಯಲ್ಲಿ ಹೀಗಾದರೆ, ಜಾರುತ್ತಿರುವಾಗಲೇ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಬಂದ್ ಮಾಡಿ, ಸ್ಲೇವ್‌ನ ನಿಪ್ಪಲ್ ಒಂದು ಗಳಿಗೆ ಸಡಿಲ ಮಾಡಿ. ಕೈಗೆ ಸಿಗುವ ಹಾಗಿದ್ದರೆ ಮಾತ್ರ, ಸೈಲೆನ್ಸರ್ ಪೈಪ್ ಕಾದಿರುತ್ತದೆ. ಎಣ್ಣೆ ಚಿಮ್ಮಿ ಬಂದು ಜಾರುವುದು ನಿಂತರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಅಂತ ಅರ್ಥ. ಪ್ಲೇಟ್ ಸವೆದು ಜಾರುತ್ತಿದ್ದರೆ ಇದರಿಂದ ಏನೂ ಬದಲಾಗಲ್ಲ. ನನ್ನ ಬಳಿ ಪಾನಾ ಇರಲಿಲ್ಲ. ಆರಿಸಿಕೊಳ್ಳುತ್ತಾ, ಮೆಲ್ಲಗೆ ಓಡಿಸುತ್ತಾ ರಾತ್ರಿ ಹುಬ್ಬಳ್ಳಿ ಮುಟ್ಟಿದೆ.

ಸೋಮವಾರ ರಾಡ್‌ನ ಲಾಕ್ ನಟ್ ಸಡಿಲ ಮಾಡಿ ಒಂದೊಂದೇ ಸುತ್ತು ಒಳಕ್ಕೆ ತಿರುಗಿಸಿದೆವು. ಪೆಡಲ್ ಮೇಲೆ ಒಂದೇ ಬೆರಳಿಟ್ಟು ಒತ್ತಿದಾಗ, ಪಿಸ್ಟನ್ ತಾಕುವ ಮೊದಲು ಕೆಲವು ಮಿಲಿಮೀಟರ್ ಖಾಲಿ ಓಡಾಟ ಸಿಗಬೇಕು. ಅದು ಸಿಕ್ಕಿತು. ಲಾಕ್ ನಟ್ ಬಿಗಿ ಮಾಡಿ, ಕೆಳಗಿನ ಓಡಾಟ ಮತ್ತೆ ಅಳೆದೆವು, ಖಾಲಿ ಓಡಾಟ ಜಾಸ್ತಿಯಾದರೆ ಇಲ್ಲಿ ಕಡಿಮೆಯಾಗುತ್ತದೆ. ಹದಿನಾರಕ್ಕೆ ಅರ್ಧ ಕಡಿಮೆ. ಗೇರ್‌ಗಳಿಗೆ ಅಷ್ಟು ಸಾಕು.

ಮುಂದಿನ ಭಾನುವಾರ ಅದೇ ಘಟ್ಟ ಎರಡು ಸಲ ಏರಿಳಿದೆ. ಒಮ್ಮೆಯೂ ಜಾರಲಿಲ್ಲ. ಮನೆಗೆ ಬಂದು ಕಾರು ಕಾದಿರುವಾಗಲೇ ಪೆಡಲ್ ಅರ್ಧ ನಿಮಿಷ ಹಿಡಿಸಿ ಅಳೆದೆ, ರಾಡ್ ಕದಲಲಿಲ್ಲ. ಬಾನೆಟ್ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ರಾಡ್ ಓಡಾಟ 15.5 ಮಿಲಿಮೀಟರ್, ಅರ್ಧ ನಿಮಿಷದ ನಂತರವೂ ಅಷ್ಟೇ, ಎಣ್ಣೆ ಡಾಟ್ 4, ಹಾಕಿದ ತಿಂಗಳು, ಎರಡು ವರ್ಷಕ್ಕೆ ಬದಲಿ. ಮುಂದೆ ಈ ಕಾರಿನ ಕೆಳಗೆ ಯಾರು ಮಲಗಿದರೂ ಹೋಲಿಸಿ ನೋಡಲು ಅವರಿಗೆ ಒಂದು ಅಂಕಿ ಇರುತ್ತದೆ.